ನೆಲದಡಿಯ ಪೈಪ್ ಮೇಲಿನಿಂದ ಕೊಳೆಯುತ್ತದೆ

ಪ್ರಶ್ನೆ: ನಮ್ಮದು ಸೊಲ್ಲಾಪುರದ ಹಳೇ ಪೇಠೆ. ಹೋದ ಮಳೆಗಾಲದಲ್ಲಿ ನಮ್ಮ ಓಣಿಯ ಡಾಂಬರು ರಸ್ತೆ ಇದ್ದಕ್ಕಿದ್ದಂತೆ ಕುಸಿದು, ನೀರಿನ ಟ್ಯಾಂಕರಿನ ಹಿಂದಿನ ಗಾಲಿ ಒಳಗೆ ಇಳಿಯಿತು. ಅಗೆದು ನೋಡಿದರೆ ಡ್ರೈನೇಜ್ ಪೈಪಿನ ಮೇಲ್ಭಾಗವೇ ಇರಲಿಲ್ಲ. ಪೈಪ್ ಹಾಕಿ ಮೂವತ್ತು ವರ್ಷವೂ ಆಗಿಲ್ಲ. ನಮ್ಮ ಮಾವನವರ ಕಾಲದ ಕರಿಕಲ್ಲಿನ ಗಟಾರ ಪಕ್ಕದಲ್ಲೇ ಇದೆ, ಒಂದು ಕಲ್ಲೂ ಅಲುಗಿಲ್ಲ. ಕಾಂಕ್ರೀಟ್ ಕೊಳೆಯುತ್ತದೆಯೇ? ಇಲ್ಲ, ಗುತ್ತಿಗೆದಾರ ಸಿಮೆಂಟ್ ನುಂಗಿದನೇ?
– ಓದುಗಿ, ಸೊಲ್ಲಾಪುರ

ಉತ್ತರ: ಅಕ್ಕಾರೆ, ‘ಪೈಪಿನ ಮೇಲ್ಭಾಗವೇ ಇರಲಿಲ್ಲ’ ಎಂದು ಬರೆದಿದ್ದೀರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಹೊಲಸು ನೀರು ಹರಿಯುವುದು ಪೈಪಿನ ತಳದಲ್ಲಿ. ಸವೆದರೆ ತಳ ಸವೆಯಬೇಕು. ಆದರೆ ತಳ ಗಟ್ಟಿ ಉಳಿದಿದೆ, ನೀರು ಮುಟ್ಟದ ನೆತ್ತಿ ಹೋಗಿದೆ. ಅಂದರೆ ಪೈಪನ್ನು ತಿಂದದ್ದು ನೀರಿನ ಮೇಲಿರುವ ಗಾಳಿ.

ಡ್ರೈನೇಜ್ ವಿಭಾಗದಲ್ಲೇ ನೌಕರಿ ಮಾಡಿ ನಿವೃತ್ತನಾದವ ನಾನು. ಹೀಗೆ ಹಾಳಾದ ಹ್ಯೂಮ್ ಪೈಪನ್ನು, ಅಂದರೆ ಸರಳು ಹಾಕಿದ ಕಾಂಕ್ರೀಟ್ ಪೈಪನ್ನು, ಮೇಲೆತ್ತಿಸಿದಾಗೆಲ್ಲ ಕಂಡದ್ದು ಒಂದೇ ನೋಟ. ತಳದ ಚೂರಿಗೆ ಸುತ್ತಿಗೆಯಿಂದ ಹೊಡೆದರೆ ಠಣ್ ಅನ್ನುತ್ತದೆ. ನೆತ್ತಿಯ ಕಡೆಯ ಚೂರು ಹಿಡಿದರೆ ಕೈಗೆ ಬಿಳಿ ಹಿಟ್ಟು ಅಂಟುತ್ತದೆ. ಉಗುರಿನಿಂದ ಕೆರೆದರೂ ಸಾಕು, ಜಲ್ಲಿ ಒಂದೊಂದಾಗಿ ಉದುರುತ್ತದೆ. ಒಳಗಿನ ಕಬ್ಬಿಣ ಕೆಂಪು ಪುಡಿಯಾಗಿ ಬೆರಳಿಗೆ ಹತ್ತುತ್ತದೆ. ನೀರು ಎಲ್ಲಿವರೆಗೆ ಏರುತ್ತಿತ್ತು ಎಂಬ ಗೆರೆಯೂ ಕಾಣುತ್ತದೆ. ಆ ಗೆರೆಯ ಕೆಳಗೆ ಪೈಪ್ ಹೊಸದರ ಹಾಗೆ, ಮೇಲೆ ಹುಣ್ಣು.

ಆಗುವುದು ಇಷ್ಟು. ನೀರಿನಡಿಯ ಗೋಡೆಗೆ ಲೋಳೆ ಕಟ್ಟಿರುತ್ತದೆ. ಲೋಳೆಯ ಒಳಪದರಕ್ಕೆ ಆಮ್ಲಜನಕ ತಲುಪುವುದಿಲ್ಲ. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದು ಬೇಕಾಗಿಯೂ ಇಲ್ಲ, ಸಲ್ಫೇಟ್ ಇದ್ದರೆ ಅವು ಬದುಕುತ್ತವೆ. ಸಲ್ಫೇಟಿಗೆ ಬರವಿಲ್ಲ: ಬೋರ್ ನೀರಿನಲ್ಲಿದೆ, ಬಟ್ಟೆ ಒಗೆಯುವ ಪುಡಿಯಲ್ಲಿದೆ, ನಮ್ಮ ಮಲಮೂತ್ರದಲ್ಲೂ ಇದೆ. ಈ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಅದು ನೀರಿನಿಂದ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಆಗಿ ಮೇಲೇಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದೇ.

ಗ್ಯಾಸು ಅಷ್ಟಕ್ಕೇ ಪೈಪನ್ನು ತಿನ್ನುವುದಿಲ್ಲ. ಪೈಪಿನ ನೆತ್ತಿ ಸದಾ ಬೆವರುತ್ತಿರುತ್ತದೆ, ಆ ತೇವದಲ್ಲಿ ಗ್ಯಾಸ್ ಕರಗುತ್ತದೆ. ಅಲ್ಲಿ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ವಾಸ, ಥಯೋಬ್ಯಾಸಿಲಸ್ ಬಳಗದ್ದು. ಅದಕ್ಕೆ ಗಾಳಿ ಬೇಕು, ಗಂಧಕ ಬೇಕು. ಎರಡೂ ಸಿಕ್ಕಿತೆಂದರೆ ಗ್ಯಾಸನ್ನು ಸಲ್ಫ್ಯೂರಿಕ್ ಆಸಿಡ್ ಮಾಡಿ ಇಡುತ್ತದೆ. ಲಾರಿ ಬ್ಯಾಟರಿಗೆ ಹಾಕುತ್ತಾರಲ್ಲ, ಅದೇ ಆಸಿಡ್. ಹೊಸ ಕಾಂಕ್ರೀಟಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 12ರಿಂದ 13, ಅಂದರೆ ಕಡು ಕ್ಷಾರ. ಈ ಬ್ಯಾಕ್ಟೀರಿಯಾ ಬೇರೂರಿದ ನೆತ್ತಿಯಲ್ಲಿ ಪಿಎಚ್ 1ರ ಹತ್ತಿರಕ್ಕೆ, ಅಂದರೆ ಕಡು ಆಮ್ಲಕ್ಕೆ, ಇಳಿಯುತ್ತದೆ. ಸಿಮೆಂಟಿನಲ್ಲಿರುವ ಸುಣ್ಣ ಆಸಿಡ್‌ಗೆ ಸಿಕ್ಕು ಜಿಪ್ಸಮ್ ಆಗುತ್ತದೆ. ನಿಮ್ಮ ಕೈಗೆ ಅಂಟುವ ಬಿಳಿ ಹಿಟ್ಟು ಅದೇ. ಜಿಪ್ಸಮ್‌ಗೆ ಜಲ್ಲಿಯನ್ನು ಹಿಡಿದಿಡುವ ಶಕ್ತಿ ಇಲ್ಲ. ಅದು ಉದುರುತ್ತದೆ, ಕೆಳಗಿನ ಹೊಸ ಪದರ ಬಯಲಾಗುತ್ತದೆ, ಮತ್ತೆ ಅದೇ ಕಥೆ. ಕೆಟ್ಟ ಜಾಗದಲ್ಲಿ ವರ್ಷಕ್ಕೆ ಕೆಲವು ಮಿಲಿಮೀಟರ್ ಹೋಗುತ್ತದೆ. ಸರಳಿನ ಮೇಲಿರುವ ಕಾಂಕ್ರೀಟೇ ಬೆರಳಿನಷ್ಟು ದಪ್ಪ, ಅದು ಎಷ್ಟು ವರ್ಷಕ್ಕೆ ಬಂದೀತು?

ಈ ಸವೆತ 1900ರ ಸುಮಾರಿಗೇ ಅಮೆರಿಕದ ಲಾಸ್ ಏಂಜಲಿಸಿನಲ್ಲಿ ಕಣ್ಣಿಗೆ ಬಿದ್ದಿತ್ತು. ಆಸಿಡ್ ತಯಾರಿಸುವುದು ಬ್ಯಾಕ್ಟೀರಿಯಾ ಎಂದು ತೋರಿಸಿಕೊಟ್ಟದ್ದು ಆಸ್ಟ್ರೇಲಿಯಾದ ಮೆಲ್ಬರ್ನಿನ ಪಾರ್ಕರ್ ಎಂಬ ವಿಜ್ಞಾನಿ, 1945ರಲ್ಲಿ. ಎರಡೂ ಊರುಗಳಲ್ಲಿ ಬೇಸಿಗೆ ಬಿಸಿ ಎಂಬುದನ್ನು ಗಮನಿಸಿ. ನೀರು ಬೆಚ್ಚಗಾದಷ್ಟೂ ಲೋಳೆಯ ಕೆಲಸ ಚುರುಕು. ಇನ್ನು ನಮ್ಮ ಸೊಲ್ಲಾಪುರದ ಏಪ್ರಿಲ್, ಮೇ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕೆ? 40 ಡಿಗ್ರಿ ದಾಟಿದ್ದು ಇಲ್ಲಿ ಸುದ್ದಿಯೇ ಅಲ್ಲ.

ನಮ್ಮೂರಿಗೆ ಬಿಸಿಲೊಂದೇ ಶಾಪವಲ್ಲ. ಉಜನಿ ಡ್ಯಾಮಿನ ನೀರು ನಮ್ಮ ನಳಕ್ಕೆ ದಿನಾ ಬರುವುದಿಲ್ಲ. ನಾವು ಇದನ್ನು ಕುಡಿಯುವ ನೀರಿನ ತಾಪತ್ರಯ ಎಂದಷ್ಟೇ ನೋಡುತ್ತೇವೆ. ಡ್ರೈನೇಜ್ ಪೈಪಿಗೂ ಅದು ತಾಪತ್ರಯವೇ. ನೀರು ಬಂದ ದಿನ ಎಲ್ಲರೂ ಬಟ್ಟೆ ಒಗೆದು ಅಂಗಳ ತೊಳೆಯುತ್ತೇವೆ, ಪೈಪ್ ತುಂಬಿ ಓಡುತ್ತದೆ. ಉಳಿದ ದಿನ ಬಚ್ಚಲಿನ ನೀರನ್ನೂ ಬಕೆಟಿನಲ್ಲಿ ಎತ್ತಿಡುತ್ತೇವೆ. ಆಗ ಪೈಪಿನಲ್ಲಿ ಮಲ ಇದೆ, ದೂಡುವ ನೀರಿಲ್ಲ. ಹೊಲಸು ಒಂದೇ ಕಡೆ ಕೂರುತ್ತದೆ, ಕೂತದ್ದು ಹುಳಿಯುತ್ತದೆ, ಹುಳಿತದ್ದು ಗ್ಯಾಸ್ ಬಿಡುತ್ತದೆ. ಡ್ರೈನೇಜಿನ ಲೆಕ್ಕದಲ್ಲಿ ನೀರು ಸೆಕೆಂಡಿಗೆ ಕನಿಷ್ಠ 0.6 ಮೀಟರ್ ಓಡಬೇಕು. ಹಾಗೆ ಓಡಿದರೆ ಹೂಳು ತಾನಾಗಿ ಕೊಚ್ಚಿಹೋಗುತ್ತದೆ. ಆ ಓಟ ಕೊಡುವುದು ಪೈಪಿನ ಇಳಿಜಾರು ಮತ್ತು ನೀರಿನ ಪ್ರಮಾಣ.

ಟವೆಲ್, ಚಾದರಗಳ ಊರು ನಮ್ಮದು. ಹತ್ತಿಗೆ ಬಣ್ಣ ಹಿಡಿಸಲು ಗ್ಲಾಬರ್ ಉಪ್ಪು ಬಳಸುವುದುಂಟು. ಅದು ಸೋಡಿಯಂ ಸಲ್ಫೇಟ್. ಡೈಯಿಂಗ್ ಹೌಸಿನ ನೀರು ಸಂಸ್ಕರಣೆಯಾಗದೆ ಪೈಪಿಗೆ ಬಿತ್ತೆಂದರೆ ಲೋಳೆಯೊಳಗಿನ ಬ್ಯಾಕ್ಟೀರಿಯಾಕ್ಕೆ ಬಿಸಿ ಬಿಸಿ ಊಟ ಬಡಿಸಿದಂತೆ. ಬಣ್ಣದ ಕೆಲಸ ಈ ಊರಿನ ಎಷ್ಟೋ ಮನೆಗಳ ಒಲೆ ಉರಿಸಿದೆ, ಅದನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ಆ ನೀರು ಮನೆ ಡ್ರೈನೇಜಿಗೆ ಬರಬಾರದು.

ಈಗ ನಿಮ್ಮ ಮಾವನವರ ಕಾಲದ ಗಟಾರಕ್ಕೆ ಬರೋಣ. ಅದು ತೆರೆದ ಗಟಾರ. ಗ್ಯಾಸ್ ಹುಟ್ಟಿದರೂ ಗಾಳಿಗೆ ಹೋಗುತ್ತದೆ, ಆಸಿಡ್ ಕೂರಲು ನೆತ್ತಿಯೇ ಇಲ್ಲ. ಕರಿಕಲ್ಲಿನಲ್ಲಿ ಸಿಮೆಂಟಿನ ಹಾಗೆ ಸುಣ್ಣವೂ ಇಲ್ಲ. ಹಾಗೆಂದು ಎಲ್ಲರೂ ತೆರೆದ ಗಟಾರಕ್ಕೆ ಮರಳೋಣ ಎನ್ನಲಾರೆ, ಸೊಳ್ಳೆ ಮತ್ತು ಕಾಲರಾದ ದಿನಗಳನ್ನು ನಮ್ಮ ಹಿರಿಯರು ಕಂಡಿದ್ದಾರೆ. ಲಂಡನ್ನಿನಲ್ಲಿ 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತಕ್ಕೆ ಪಾರ್ಲಿಮೆಂಟೇ ತತ್ತರಿಸಿದ ಮೇಲೆ ಬ್ಯಾಜಲ್ಜೆಟ್ ಎಂಬ ಎಂಜಿನಿಯರ್ ನೆಲದಡಿ ದೊಡ್ಡ ಇಟ್ಟಿಗೆ ಕಾಲುವೆಗಳನ್ನು ಕಟ್ಟಿಸಿದರು. ಇವತ್ತಿಗೂ ಅವು ಕೆಲಸ ಮಾಡುತ್ತಿವೆ. ಊರು ಬೆಳೆದೀತು ಎಂದು ಅವರು ಅಂದೇ ದೊಡ್ಡದಾಗಿ ಕಟ್ಟಿದ್ದರು.

ಗುತ್ತಿಗೆದಾರ ಸಿಮೆಂಟ್ ನುಂಗಿದನೇ ಎಂದು ಕೇಳಿದಿರಿ. ನುಂಗಿರಬಹುದು. ಆದರೆ ಒಳ್ಳೆ ಸಿಮೆಂಟಿನ ಪೈಪೂ ಈ ಆಸಿಡ್‌ಗೆ ಸೋಲುತ್ತದೆ, ಸ್ವಲ್ಪ ತಡವಾಗಿ ಅಷ್ಟೆ. ನನ್ನ ಅನುಭವದಲ್ಲಿ ಪೈಪಿಗೆ ಹೆಚ್ಚು ದ್ರೋಹವಾಗುವುದು ಇಳಿಜಾರಿನಲ್ಲಿ ಮತ್ತು ಹಾಸಿಗೆಯಲ್ಲಿ, ಅಂದರೆ ಪೈಪಿನಡಿ ಹಾಸುವ ಪದರದಲ್ಲಿ. ಕಾಲುವೆ ತೋಡುವಾಗ ಬಂಡೆ ಸಿಕ್ಕಿತು, ಒಡೆಯುವ ಖರ್ಚು ಯಾರಿಗೆ ಬೇಕೆಂದು ಪೈಪನ್ನು ಅಷ್ಟು ಮೇಲೆತ್ತಿ ಮುಂದೆ ಹೋದರು. ಅಲ್ಲಿ ಹೊಟ್ಟೆ ಬಿದ್ದು ಹೊಲಸು ಕಾಯಂ ನಿಲ್ಲುತ್ತದೆ. ಇನ್ನು ಹಾಸಿಗೆ. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಆ ಮಣ್ಣಿನ ಮೇಲೆ ಮುರುಮವಾಗಲಿ ಕಾಂಕ್ರೀಟಾಗಲಿ ಹಾಸದೆ ಪೈಪ್ ಇಟ್ಟರೆ ಪ್ರತಿ ವರ್ಷ ಮಣ್ಣು ಅದನ್ನು ಎತ್ತಿ ಇಳಿಸುತ್ತದೆ. ಪೈಪ್ ಗಟ್ಟಿಯಿದ್ದರೂ ಜೋಡಣೆ ಸಡಿಲುತ್ತದೆ. ಸಡಿಲಿದ ಸಂದಿಗೆ ಮೊದಲು ಬರುವುದು ಬೇರು. ಅರಳಿ, ಬೇವಿನ ಬೇರಿಗೆ ಕೂದಲೆಳೆಯಷ್ಟು ಬಿರುಕು ಸಾಕು. ಒಳಗೆ ಹೋಗಿ ಪೊದೆಯಾಗುತ್ತದೆ, ಪೊದೆಗೆ ಬಟ್ಟೆ, ಕೂದಲು, ಪ್ಲಾಸ್ಟಿಕ್ ಸಿಕ್ಕಿ ಹೊಲಸು ಮತ್ತೆ ನಿಲ್ಲುತ್ತದೆ.

ನಿಮ್ಮ ರಸ್ತೆ ಕುಸಿದದ್ದು ಮಳೆಗಾಲದಲ್ಲೇ ಯಾಕೆ ಎಂದರೆ, ನೆತ್ತಿ ಬಾಯಿ ಬಿಟ್ಟ ಪೈಪಿಗೆ ಮಳೆನೀರು ಸುತ್ತಲಿನ ಮಣ್ಣನ್ನು ಎಳೆದು ತಂದು ಸುರಿಯುತ್ತದೆ. ಮಣ್ಣು ಹೊಲಸಿನ ಜೊತೆ ಹರಿದುಹೋಗುತ್ತದೆ. ಡಾಂಬರಿನ ಕೆಳಗೆ ಪೊಳ್ಳು ಬೆಳೆಯುತ್ತಾ ಹೋಗುತ್ತದೆ, ಮೇಲೆ ಏನೂ ಗೊತ್ತಾಗುವುದಿಲ್ಲ. ಭಾರದ ಗಾಡಿ ಬಂದ ದಿನ ಗೊತ್ತಾಗುತ್ತದೆ. ಮುನ್ಸೂಚನೆ ಇಲ್ಲವೆಂದಲ್ಲ. ಚೇಂಬರಿನ ಪಕ್ಕದ ರಸ್ತೆ ತಟ್ಟೆಯ ಹಾಗೆ ತಗ್ಗಿದ್ದರೆ, ತೇಪೆ ಹಾಕಿದ ಮೇಲೂ ಅದೇ ಜಾಗ ಮತ್ತೆ ತಗ್ಗಿದರೆ, ಮುಂದಿನ ಚೇಂಬರಿನಲ್ಲಿ ಕಾರಣವಿಲ್ಲದೆ ಮಣ್ಣು ಕಂಡರೆ ಪಾಲಿಕೆಗೆ ಬರವಣಿಗೆಯಲ್ಲಿ ದೂರು ಕೊಡಿ. ಡಾಂಬರು ಬೇಡ, ಮೊದಲು ಕ್ಯಾಮೆರಾ ಬಿಡಿ ಎಂದು ಕೇಳಿ. ಗಾಲಿ ಮೇಲೆ ಕೂರಿಸಿದ ಕ್ಯಾಮೆರಾವನ್ನು ಪೈಪಿನೊಳಗೆ ಓಡಿಸಿ ಟಿವಿಯಲ್ಲಿ ನೋಡುವ ವ್ಯವಸ್ಥೆ ಇದೆ. ಪೂರ್ತಿ ಕುಸಿಯುವ ಮೊದಲು ಗೊತ್ತಾದರೆ ರಸ್ತೆ ಅಗೆಯಬೇಕಿಲ್ಲ: ರಾಳದಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ಹಳೇ ಪೈಪಿನೊಳಗೆ ತೂರಿಸಿ, ಬಿಸಿನೀರಿನಿಂದ ಗಟ್ಟಿ ಮಾಡಿದರೆ ಒಳಗೇ ಹೊಸ ಪೈಪ್ ಆಗುತ್ತದೆ. 1971ರಲ್ಲೇ ಲಂಡನ್ನಿನಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ದುಬಾರಿ ಹೌದು. ಪೇಠೆಯ ಇಕ್ಕಟ್ಟಿನ ಓಣಿಯಲ್ಲಿ ಅಂಗಡಿ ಮುಚ್ಚಿಸಿ, ನೀರಿನ ಪೈಪ್ ಕತ್ತರಿಸಿ, ಎರಡಾಳು ಆಳ ಅಗೆಯುವುದು ಏನು ಅಗ್ಗವೇ?

ಒಂದನ್ನು ಮಾತ್ರ ಕೈ ಮುಗಿದು ಕೇಳುತ್ತೇನೆ. ಚೇಂಬರ್ ಕಟ್ಟಿತೆಂದು ಯಾರನ್ನೂ ಒಳಗೆ ಇಳಿಸಬೇಡಿ. ಕಾಂಕ್ರೀಟನ್ನು ಹಿಟ್ಟು ಮಾಡುವುದಕ್ಕೆ ಮೂಲವಾದ ಗ್ಯಾಸೇ ಆಳನ್ನೂ ಕೊಲ್ಲುತ್ತದೆ. ಮೊದಮೊದಲು ನಾತ ಹೊಡೆಯುತ್ತದೆ. ಗ್ಯಾಸ್ ಜಾಸ್ತಿಯಾಗಿ ಹತ್ತು ಲಕ್ಷದಲ್ಲಿ ನೂರು ಭಾಗ ದಾಟಿತೆಂದರೆ ಮೂಗು ಸತ್ತುಹೋಗುತ್ತದೆ, ವಾಸನೆಯೇ ಬರುವುದಿಲ್ಲ. ‘ವಾಸನೆ ಹೋಯಿತು, ಇಳಿಯಬಹುದು’ ಎಂದುಕೊಂಡವನು ಇಳಿಯುತ್ತಾನೆ. ಅವನನ್ನು ಎತ್ತಲು ಹೋದ ಎರಡನೆಯವನೂ ಬೀಳುತ್ತಾನೆ. ಸುರಕ್ಷಾ ಸಲಕರಣೆ ಇಲ್ಲದೆ ಮನುಷ್ಯನನ್ನು ಮ್ಯಾನ್‌ಹೋಲಿಗೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಐನೂರು ರೂಪಾಯಿಗೆ ಯಾರಾದರೂ ಇಳಿಯುತ್ತಾರೆ ಎಂದು ಓಣಿಯವರೇ ಹುಡುಕಿಕೊಂಡು ಹೋಗುವುದನ್ನು ಕಂಡಿದ್ದೇನೆ. ಜೋರಾಗಿ ನೀರು ಹಾಯಿಸಿ ಪೈಪ್ ಬಿಡಿಸುವ ಜೆಟ್ಟಿಂಗ್ ಗಾಡಿ ಬರಲು ಎರಡು ದಿನವಾದರೂ ಕಾಯಿರಿ, ಅಕ್ಕಾರೆ. ನಾತ ತಡೆದುಕೊಳ್ಳಬಹುದು.

ಪ್ರಶ್ನೆ: ನಾನು ಹೊಸೂರಿನ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಓದುತ್ತಿದ್ದೇನೆ. ಕಾಂಕ್ರೀಟಿಗೆ ಇಷ್ಟು ಕಾಟವಿದ್ದರೆ ಎಲ್ಲ ಕಡೆ ಪ್ಲಾಸ್ಟಿಕ್ ಪೈಪನ್ನೇ ಹಾಕಬಾರದೇಕೆ ಸಾರ್?
– ವಿದ್ಯಾರ್ಥಿ, ಹೊಸೂರು

ಉತ್ತರ: ಹಾಕುತ್ತಿದ್ದಾರೆ ತಮ್ಮಾ. ಎಚ್‌ಡಿಪಿಇ, ಪಿವಿಸಿ ಪೈಪಿಗೆ ಈ ಆಸಿಡ್ ಏನೂ ಮಾಡುವುದಿಲ್ಲ. ಹಳೇ ಕಾಲದ ಮೆರುಗು ಹಾಕಿದ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪೂ ಹಾಗೆಯೇ, ಆಸಿಡ್‌ಗೆ ಜಗ್ಗುವುದಿಲ್ಲ, ಅದರ ದೌರ್ಬಲ್ಯ ಜೋಡಣೆಯಲ್ಲಿ. ಪ್ಲಾಸ್ಟಿಕ್ ಬಗ್ಗುವ ವಸ್ತು. ಅದರ ಬಲವೆಲ್ಲ ಅಕ್ಕಪಕ್ಕದ ಮಣ್ಣಿನಲ್ಲಿದೆ. ಎರಡೂ ಬದಿಗೆ ಮರಳು ಅಥವಾ ಸಣ್ಣ ಜಲ್ಲಿ ತುಂಬಿ, ಪದರ ಪದರವಾಗಿ ದಮ್ಮಸು ಮಾಡದಿದ್ದರೆ ಲಾರಿಯ ಭಾರಕ್ಕೆ ಪೈಪ್ ಚಪ್ಪಟೆಯಾಗುತ್ತದೆ. ಇನ್ನೊಂದು, ಪೈಪ್ ಪ್ಲಾಸ್ಟಿಕ್ ಆದರೂ ಚೇಂಬರ್ ಕಾಂಕ್ರೀಟಿನದೇ ಇರುತ್ತದೆ. ಪೈಪನ್ನು ತಿನ್ನಲಾಗದ ಗ್ಯಾಸ್ ಮುಂದಿನ ಚೇಂಬರಿಗೆ ಹೋಗಿ ಅಲ್ಲಿ ತಿನ್ನುತ್ತದೆ. ದೊಡ್ಡ ವ್ಯಾಸಕ್ಕೆ ಕಾಂಕ್ರೀಟೇ ಬೇಕಾದಾಗ ಒಳಗೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಇಲ್ಲವೇ ಸುಣ್ಣದಕಲ್ಲಿನ ಜಲ್ಲಿ ಹಾಕಿ ಪೈಪ್ ಮಾಡುತ್ತಾರೆ: ಆಸಿಡ್ ಸಿಮೆಂಟಿನ ಜೊತೆ ಜಲ್ಲಿಯನ್ನೂ ತಿನ್ನಬೇಕಾಗುತ್ತದೆ, ಪೈಪಿನ ಆಯಸ್ಸು ಅಷ್ಟು ಬೆಳೆಯುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ವಸ್ತುವಿನ ಬಗ್ಗೆ ಅರ್ಧ ಪುಟ, ಇಳಿಜಾರಿನ ಬಗ್ಗೆ ಒಂದು ಪುಟ ಬರಿ. ಹೊಲಸು ನಿಲ್ಲದೆ ಓಡಿದರೆ ಯಾವ ಪೈಪಾದರೂ ಬಾಳುತ್ತದೆ.

ಪ್ರಶ್ನೆ: ಮೀರಜದಲ್ಲಿ ನಮ್ಮ ಮನೆ ಡ್ರೈನೇಜ್ ಪಂಪ್ ಹೌಸಿನ ಹಿಂದೆಯೇ ಇದೆ. ತೊಟ್ಟ ಬೆಳ್ಳಿ ಕಾಲ್ಗೆಜ್ಜೆ ತಿಂಗಳೊಳಗೆ ಕಪ್ಪಾಗುತ್ತದೆ, ದೇವರ ತಾಮ್ರದ ತಂಬಿಗೆಯೂ ಅಷ್ಟೇ. ಅಕ್ಕಸಾಲಿಗ ಮೋಸ ಮಾಡಿದನೆಂದು ಅತ್ತೆ ಹೇಳುತ್ತಾರೆ. ಹೌದೇ?
– ಓದುಗಿ, ಮೀರಜ

ಉತ್ತರ: ತಂಗಿ, ಬೆಳ್ಳಿ ಎಲ್ಲರ ಮನೆಯಲ್ಲೂ ನಿಧಾನಕ್ಕೆ ಕಪ್ಪಾಗುತ್ತದೆ. ಬೆಳ್ಳಿಯೂ ತಾಮ್ರವೂ ಒಟ್ಟಿಗೆ, ಇಷ್ಟು ಬೇಗ ಕಪ್ಪಾಗುತ್ತಿದ್ದರೆ ಅಕ್ಕಸಾಲಿಗನನ್ನು ಅನುಮಾನಿಸುವ ಮೊದಲು ಗಾಳಿಯನ್ನು ಅನುಮಾನಿಸಿ. ಮೇಲೆ ಹೇಳಿದ ಅದೇ ಗ್ಯಾಸ್ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್ ಪದರ ಕಟ್ಟಿಸುತ್ತದೆ. ಪಂಪ್ ಹೌಸಿನ ಕರೆಂಟ್ ಪ್ಯಾನೆಲ್ಲಿನ ತಾಮ್ರದ ಪಟ್ಟಿಗಳು ಮಸಿ ಬಳಿದ ಹಾಗೆ ಇರುವುದನ್ನು ನಾನು ನೋಡಿದ್ದೇನೆ. ಅದನ್ನು ಕಂಡರೆ ಅಲ್ಲಿನ ಗಾಳಿ ಎಂಥದ್ದೆಂದು ಬೇರೆ ಉಪಕರಣ ಬೇಕಿಲ್ಲ. ಪಂಪಿನಿಂದ ಮುಂದಕ್ಕೆ ಹೋಗುವ ಪೈಪಿನಲ್ಲಿ ಹೊಲಸು ತುಂಬಿಕೊಂಡೇ ಇರುತ್ತದೆ, ಗಾಳಿಯ ಸುಳಿವಿಲ್ಲ. ಪಂಪ್ ನಿಂತಾಗ ಅಲ್ಲೇ ಹುಳಿಯುತ್ತದೆ. ಅದು ಹೊರಬಿದ್ದು ಧುಮುಕುವ ಚೇಂಬರಿನಲ್ಲಿ ಗ್ಯಾಸೆಲ್ಲ ಒಮ್ಮೆಗೇ ಏಳುತ್ತದೆ. ಊರಿನ ಡ್ರೈನೇಜಿನಲ್ಲಿ ಬೇಗ ಕೊಳೆಯುವ ಜಾಗವೂ ಅದೇ.

ಮನೆಯೊಳಗೂ ಒಮ್ಮೆ ನೋಡಿ. ಬಚ್ಚಲಿನ ನಹನಿ ಟ್ರ್ಯಾಪಿನಲ್ಲಿ (ನೀರು ಹೋಗುವ ತೂತಿನ ಕೆಳಗಿನ ಬಟ್ಟಲಿನಲ್ಲಿ) ನಿಲ್ಲುವ ನೀರೇ ನಿಮಗೂ ಪೈಪಿನ ಗ್ಯಾಸಿಗೂ ನಡುವಿನ ಬಾಗಿಲು. ಬಳಸದ ಬಚ್ಚಲಲ್ಲಿ ಆ ನೀರು ಆರುತ್ತದೆ, ಗ್ಯಾಸ್ ನೇರ ಮನೆಗೆ ಬರುತ್ತದೆ. ವಾರಕ್ಕೊಮ್ಮೆ ಒಂದು ತಂಬಿಗೆ ನೀರು ಹೊಯ್ಯಿರಿ. ಬೇಸಿಗೆಗೆ ಊರಿಗೆ ಹೋಗುವಾಗ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ. ಗೆಜ್ಜೆಗೆ: ಪಾತ್ರೆಯಲ್ಲಿ ಅಲ್ಯುಮಿನಿಯಂ ಫಾಯಿಲ್ ಹಾಸಿ, ಬಿಸಿನೀರು, ಅಡುಗೆ ಸೋಡಾ ಹಾಕಿ, ಫಾಯಿಲ್‌ಗೆ ತಾಗುವಂತೆ ಬೆಳ್ಳಿ ಇಡಿ. ಉಜ್ಜದೆಯೇ ಕಪ್ಪು ಬಿಡುತ್ತದೆ, ಬೆಳ್ಳಿಯೂ ಸವೆಯುವುದಿಲ್ಲ. ಮಕ್ಕಳಿಗೆ ಕಣ್ಣುರಿ, ತಲೆನೋವು ಇದ್ದರೆ ಮಾತ್ರ ಸುಮ್ನೆ ಕೂರಬೇಡಿ. ಡಾಕ್ಟರಿಗೆ ತೋರಿಸಿ, ಓಣಿಯವರೆಲ್ಲ ಸೇರಿ ಪಾಲಿಕೆಗೆ ಅರ್ಜಿ ಕೊಡಿ. ಪಂಪ್ ಹೌಸಿನ ಗಾಳಿಯನ್ನು ಶುದ್ಧ ಮಾಡಿ ಹೊರಬಿಡುವ ಸಾಧನಗಳಿವೆ, ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಇಲ್ಲಿ ಡ್ರೈನೇಜ್ ಪೈಪ್ ಇಲ್ಲ, ಮನೆಗೊಂದು ಸೆಪ್ಟಿಕ್ ಟ್ಯಾಂಕ್. ಮೊನ್ನೆ ಟ್ಯಾಂಕಿನ ಸ್ಲ್ಯಾಬಿನ ಮೇಲೆ ತೆಂಗಿನಕಾಯಿ ರಾಶಿ ಹಾಕಿದಾಗ ಬಿರುಕು ಬಿಟ್ಟಿತು. ಮೇಲಿನಿಂದ ನೋಡಲು ಗಟ್ಟಿಯಾಗಿಯೇ ಉಂಟು. ತೇಪೆ ಹಾಕಿದರೆ ಸಾಕೇ?
– ಕೃಷಿಕ, ಬದಿಯಡ್ಕ

ಉತ್ತರ: ಸಾಲದು ಅಣ್ಣ. ಇದನ್ನು ಓದಿದ ಕೂಡಲೇ ಕಾಯಿ ರಾಶಿಯನ್ನು ಬದಿಯಲ್ಲಿ ನಿಂತೇ ತೆಗೆಸಿ, ಸುತ್ತ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿ. ಮಕ್ಕಳಾಗಲಿ ದನವಾಗಲಿ ಅದರ ಮೇಲೆ ಕಾಲಿಡಬಾರದು. ಪೇಟೆಯ ಪೈಪಿನ ನೆತ್ತಿಗೆ ಆಗುವುದೇ ನಿಮ್ಮ ಸ್ಲ್ಯಾಬಿನ ಅಡಿಗೂ ಆಗಿದೆ. ಕೊಳಕು ನಿಂತೇ ಇರುವ ಜಾಗ ಸೆಪ್ಟಿಕ್ ಟ್ಯಾಂಕ್, ಗ್ಯಾಸಿಗೆ ಕೊರತೆಯೇ ಇಲ್ಲ. ಸ್ಲ್ಯಾಬಿನ ಮೇಲ್ಮೈ ಗಟ್ಟಿ ಕಂಡರೂ ಅಡಿಯ ಪದರ ಉದುರಿ ಸರಳು ಬಯಲಾಗಿರುತ್ತದೆ. ಸ್ಲ್ಯಾಬಿಗೆ ಬಲ ಕೊಡುವ ಸರಳು ಇರುವುದೇ ಅಡಿಯಲ್ಲಿ. ಮೇಲೆ ಸಿಮೆಂಟ್ ಮೆತ್ತಿದರೆ ಭಾರ ಹೆಚ್ಚುತ್ತದೆಯೇ ಹೊರತು ಬಲ ಬರುವುದಿಲ್ಲ.

ಸ್ಲ್ಯಾಬನ್ನೇ ಬದಲಿಸಿ. ಹೊಸದಕ್ಕೆ ಅಡಿಯಲ್ಲಿ ಕಾಂಕ್ರೀಟಿನ ದಪ್ಪ ಜಾಸ್ತಿ ಕೊಡಲು ಮೇಸ್ತ್ರಿಗೆ ಹೇಳಿ. ಅಡಿ ಮೈಗೆ ಎಪಾಕ್ಸಿ (ಆಸಿಡ್ ತಡೆಯುವ ರಾಳದ ಬಣ್ಣ) ಬಳಿಸಿ. ಉಪ್ಪಿನಂಶದ ಮರಳು ಬೇಡವೇ ಬೇಡ, ಉಪ್ಪು ಸರಳಿಗೆ ತುಕ್ಕು ತರಿಸುತ್ತದೆ. ಗ್ಯಾಸ್ ಹೋಗುವ ಕೊಳವೆ ಮನೆಯ ಮಾಡಿಗಿಂತ ಎತ್ತರವಿರಲಿ, ತುದಿಗೆ ಬಲೆ ಇರಲಿ. ಬಲೆ ಇಲ್ಲದಿದ್ದರೆ ಸೊಳ್ಳೆಗೆ ಅದೇ ಹೆದ್ದಾರಿ.

ಸ್ಲ್ಯಾಬ್ ತೆಗೆಯುವ ಮುಂಚೆ ಸಕ್ಷನ್ ಗಾಡಿ ಕರೆಸಿ ಖಾಲಿ ಮಾಡಿಸಿ. ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕೆಂಬುದು ನಿಯಮ, ತುಂಬಿ ಉಕ್ಕುವವರೆಗೆ ಕಾಯುವುದು ನಮ್ಮೆಲ್ಲರ ಅಭ್ಯಾಸ. ನಿಮ್ಮಲ್ಲಿ ಮುರಕಲ್ಲಿನ ನೆಲ, ಜೋರು ಮಳೆ. ಟ್ಯಾಂಕಿನಿಂದ ಇಂಗುಗುಂಡಿಗೆ ಹೋದ ನೀರು ಕಲ್ಲಿನ ಸಂದಿಯಲ್ಲಿ ಸುಲಭವಾಗಿ ಬಾವಿಯ ಕಡೆ ಹೋಗುತ್ತದೆ. ಗುಂಡಿಗೂ ಬಾವಿಗೂ 7.5 ಮೀಟರ್ ಅಂತರವಿರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ, ಜಾಗವಿದ್ದರೆ ಅದಕ್ಕಿಂತ ದೂರವೇ ಇಡಿ.

ಟ್ಯಾಂಕ್ ತೆರೆದಾಗ ಹತ್ತಿರ ಬೀಡಿ ಹಚ್ಚಬಾರದು, ಮೀಥೇನ್ ಹೊತ್ತಿಕೊಳ್ಳುತ್ತದೆ. ಖಾಲಿಯಾದ ಟ್ಯಾಂಕಿಗೂ ಯಾರೂ ಇಳಿಯಬಾರದು, ತಳದ ಹೂಳು ಕದಡಿದರೆ ಗ್ಯಾಸ್ ಮತ್ತೆ ಏಳುತ್ತದೆ. ಸ್ಲ್ಯಾಬಿನ ಅಡಿ ಎಷ್ಟು ಹಾಳಾಗಿದೆ ಎಂದು ನೋಡಲು ಬಾಯಿಗೆ ತಲೆ ಬಗ್ಗಿಸಬೇಡಿ. ಮೊಬೈಲಿನ ಟಾರ್ಚ್ ಹಚ್ಚಿ, ವಿಡಿಯೊ ಚಾಲೂ ಮಾಡಿ, ಉದ್ದ ಕೋಲಿಗೆ ಬಿಗಿಯಾಗಿ ಕಟ್ಟಿ ದೂರದಿಂದ ಒಳಗೆ ಇಳಿಸಿ. ಆ ವಿಡಿಯೊವನ್ನು ಮೇಸ್ತ್ರಿಗೂ ತೋರಿಸಿ.